ಸದ್ದು ಟೈರಿನದು, ಕಾರಣ ಯಾವುದರದು?

ವೇಗಕ್ಕೆಂದೇ ಕಟ್ಟಿದ ಕಾರಿಗೆ ಐದಾರು ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಎರಡು ಸದ್ದು ಶುರುವಾಗುತ್ತವೆ. ಒಂದು, ಅರವತ್ತು ಕಿಲೋಮೀಟರ್ ವೇಗ ದಾಟಿದ ಮೇಲೆ ಹಿಂದಿನ ಸೀಟಿನ ಅಡಿಯಿಂದ ಏಳುವ ಗುಂಯ್ ಎಂಬ ಮೊರೆತ. ಇನ್ನೊಂದು, ಇಂಟರ್‌ಲಾಕ್ ಟೈಲು ಹಾಸಿದ ರಸ್ತೆಯಲ್ಲಿ ನಿಧಾನ ಹೋಗುವಾಗ ಮುಂದಿನ ಚಕ್ರಗಳ ಕಡೆಯಿಂದ ಬರುವ ಕಟಕಟ. 2020ರಲ್ಲಿ ಇಡೀ ದೇಶಕ್ಕೆ 200 ಮಾತ್ರ ಎಂದು, ಹೊರಗಡೆಯೇ ಪೂರ್ತಿ ಜೋಡಣೆಯಾಗಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245ರಂಥ ಕಾರುಗಳಿಗೆ ಈಗ ಆ ವಯಸ್ಸು. ಇಂಥ ಕಾರಿನ ಮಾಲೀಕ ಮೊದಲು ಟೈರ್ ಅಂಗಡಿಗೆ ಹೋಗಬೇಕೋ, ಸಸ್ಪೆನ್ಶನ್ ಬಿಚ್ಚುವ ಗ್ಯಾರೇಜಿಗೋ ಎಂಬ ಪ್ರಶ್ನೆಗೆ ಎರಡೂ ಕಡೆ ಗಟ್ಟಿ ವಾದವಿದೆ. ಆ ವಾದಗಳನ್ನು ಇಲ್ಲಿ ಇಬ್ಬರ ಬಾಯಲ್ಲಿ ಇಟ್ಟಿದ್ದೇನೆ. ಹಿರಿಯರು ಕಾಸರಗೋಡಿನ ಕಡೆಯವರು, ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಹೇಳಿ ನಿವೃತ್ತರಾಗಿ ತಿರುವನಂತಪುರದ ಪಟ್ಟಂನಲ್ಲಿ ನೆಲೆಸಿದವರು. ಕಿರಿಯ ಟೆಕ್ನೋಪಾರ್ಕಿನ ಉದ್ಯೋಗಿ. 225/40 ಆರ್18 ಅಳತೆಯ ಟೈರಿರುವ ಇಂಥದೇ ಕಾರಿನಲ್ಲಿ ವಾರದ ಕೊನೆಗೆ ಕೊಚ್ಚಿಗೆ ಹೋಗಿಬರುವವನು. ಅವನದು ಟೈರಿನ ಪಕ್ಷ, ಅವರದು ಸಸ್ಪೆನ್ಶನ್ನಿನ ಪಕ್ಷ.

ಕಿರಿಯ: ಮಾಷ್ಟ್ರೇ, ನನ್ನ ಲೆಕ್ಕ ನೇರ. ದೊಡ್ಡ ಸದ್ದು ಇರುವಷ್ಟು ಹೊತ್ತು ಸಣ್ಣ ಸದ್ದು ಕೇಳುವುದಿಲ್ಲ. ಟೈರು ಮೊರೆಯುತ್ತಿರುವಾಗ ಬುಷ್ ಹೋಗಿದೆಯೋ ಬೇರಿಂಗ್ ಹೋಗಿದೆಯೋ ಯಾರು ಹೇಳ್ತಾರೆ? ಮೊದಲು ನಾಲ್ಕು ಹೊಸ ಟೈರು ಹಾಕಿಸಬೇಕು. ಅಲ್ಲಿಗೆ ಮೊರೆತ ನಿಂತರೆ ವಿಷಯ ಮುಗಿಯಿತು. ನಿಲ್ಲದಿದ್ದರೆ ಟೈರು ಅಲ್ಲ ಎಂಬುದಾದರೂ ಖಾತ್ರಿಯಾಯಿತಲ್ಲ. ಅಲ್ಲದೆ ಟೈರು ಹೇಗೂ ಒಂದು ದಿನ ಬದಲಿಸಲೇಬೇಕಾದ ವಸ್ತು, ಜೂನ್ ಬಂದರೆ ಇಲ್ಲಿ ಮಳೆ. ಹಾಕಿದ ದುಡ್ಡು ಯಾವ ಲೆಕ್ಕದಲ್ಲೂ ವ್ಯರ್ಥವಲ್ಲ. ಸಸ್ಪೆನ್ಶನ್ ಹಾಗಲ್ಲ, ಊಹೆಯ ಮೇಲೆ ಬಿಚ್ಚಿಸಿ, ತಪ್ಪಿದರೆ ಕೂಲಿಯೂ ಹೋಯಿತು, ತರಿಸಿದ ಬಿಡಿಭಾಗವೂ ಹೋಯಿತು.

ಹಿರಿಯರು: ನಾಲ್ಕು ಟೈರು ಕೊಳ್ಳುವುದನ್ನು ನೀನು ಪರೀಕ್ಷೆ ಅಂತ ಕರೀತೀಯಲ್ಲ, ಅದೇ ನನಗೆ ಒಪ್ಪಿಗೆಯಿಲ್ಲ ಮಾರಾಯ. ಖರ್ಚಿಲ್ಲದ ಪರೀಕ್ಷೆ ಬೇಕಾದಷ್ಟು ಉಂಟು, ಮೊದಲು ಅವನ್ನು ಮುಗಿಸಬೇಕು. ಒಂದೇ ವೇಗದಲ್ಲಿ, ಎಂಬತ್ತರಲ್ಲಿ ಅಂತ ಇಟ್ಟುಕೋ, ನಾಲ್ಕನೇ ಗೇರಿನಲ್ಲಿ ಒಮ್ಮೆ, ಆರನೆಯದರಲ್ಲಿ ಒಮ್ಮೆ ಹೋಗಿ ನೋಡು. ಎಂಜಿನ್ನಿನ ತಿರುಗಾಟ ಬದಲಾದರೂ ಮೊರೆತ ಬದಲಾಗದಿದ್ದರೆ ಎಂಜಿನ್ ಕಡೆಯದಲ್ಲ, ಚಕ್ರದ ಕಡೆಯದು. ಆಮೇಲೆ ರಸ್ತೆಯ ಮೈ ಬದಲಿಸಬೇಕು. ತಿರುವನಂತಪುರದಲ್ಲಿ ಇದಕ್ಕೆ ದೇವರು ಕೊಟ್ಟಂಥ ಜಾಗ ಉಂಟು. ಕಳಕ್ಕೂಟ್ಟಂನಿಂದ ಕಾರೋಡ್‌ವರೆಗಿನ ಬೈಪಾಸಿನಲ್ಲಿ ಮುಕ್ಕೋಲದವರೆಗೆ ಡಾಂಬರು, ಅಲ್ಲಿಂದಾಚೆ ಕಾಂಕ್ರೀಟು. ಕಾಲು ಅಲ್ಲಾಡಿಸದೆ ಒಂದೇ ವೇಗದಲ್ಲಿ ಆ ಗಡಿ ದಾಟು. ಸದ್ದಿನ ದನಿಯೇ ಬೇರೆಯಾದರೆ ಅದು ಟೈರು ನೆಲದ ಜೊತೆ ಆಡುವ ಮಾತು. ಎರಡೂ ಕಡೆ ಒಂದೇ ಆಗಿ ಉಳಿದರೆ ಬೇರಿಂಗ್ ಮೇಲೆ ಸಂಶಯ ಇಡಬೇಕು, ಯಾಕೆಂದರೆ ಹಬ್ಬಿನ ಒಳಗೆ ಮುಚ್ಚಿ ಕೂತ ಬೇರಿಂಗಿಗೆ ಕೆಳಗೆ ಡಾಂಬರೋ ಕಾಂಕ್ರೀಟೋ ಗೊತ್ತಾಗುವುದಿಲ್ಲ.

ಕಿರಿಯ: ಕಾಂಕ್ರೀಟಿನಲ್ಲಿ ಒಳ್ಳೆಯ ಟೈರೂ ಜೋರಾಗಿ ಕೂಗುತ್ತದೆ, ಆ ಗದ್ದಲದಲ್ಲಿ ಬೇರಿಂಗಿನ ದನಿ ಮುಳುಗಿಹೋದರೆ? ಎಲ್ಲರೂ ಹೇಳುವ ಇನ್ನೊಂದು ಪರೀಕ್ಷೆಯೂ ಹಾಗೆಯೇ. ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಾಗ ಭಾರ ಬಲಕ್ಕೆ ಬೀಳುತ್ತದೆ, ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗ್ ಅಂತಾರೆ. ಆದರೆ ಈಗಿನ ಬೇರಿಂಗುಗಳಲ್ಲಿ ಗುಂಡುಗಳ ಸಾಲು ಎರಡು. ಯಾವ ಸಾಲು ಸವೆದಿದೆ ಎಂಬುದರ ಮೇಲೆ ಭಾರ ಬಿದ್ದಾಗ ಸದ್ದು ಏರಲೂಬಹುದು, ಇಳಿಯಲೂಬಹುದು. ಅದನ್ನು ನಂಬಿ ಎಡದ ಬದಲು ಬಲದ್ದು ಬಿಚ್ಚಿಸಿದವರು ಇದ್ದಾರೆ.

ಹಿರಿಯರು: ಆ ಮಾತು ಸರಿ. ರಸ್ತೆಯ ಪರೀಕ್ಷೆ ಸಂಶಯವನ್ನು ಕಿರಿದು ಮಾಡುತ್ತದೆ, ತೀರ್ಪು ಕೊಡುವುದಿಲ್ಲ. ತೀರ್ಪಿಗೆ ಜಾಕ್ ಬೇಕು. ಕಾರನ್ನು ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಒಂದು ಕೈಯಲ್ಲಿ ಚಕ್ರ ತಿರುಗಿಸು, ಇನ್ನೊಂದು ಕೈ ಆ ಚಕ್ರದ ಕಾಯಿಲ್ ಸ್ಪ್ರಿಂಗಿನ ಮೇಲೆ ಇಡು. ಸವೆದ ಬೇರಿಂಗಿನ ಗರಗರ ಸ್ಪ್ರಿಂಗಿನ ಉಕ್ಕಿನ ಮೂಲಕ ಬೆರಳಿಗೆ ಹತ್ತುತ್ತದೆ, ಕಿವಿಗೆ ಏನೂ ಕೇಳದಿದ್ದಾಗಲೂ. ಒಳ್ಳೆಯದಿದ್ದರೆ ಸ್ಪ್ರಿಂಗ್ ಸುಮ್ಮನೆ ಇರುತ್ತದೆ. ಹಾಗೆಯೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸು, ಬೇರಿಂಗ್ ಅಥವಾ ಬಾಲ್ ಜಾಯಿಂಟಿನ ಸಡಿಲ ತಿಳಿಯುತ್ತದೆ. ಮುಂದಿನದನ್ನು ಎಡಬಲಕ್ಕೆ ಅಲುಗಿಸು, ಟೈ ರಾಡಿನದು ತಿಳಿಯುತ್ತದೆ. ಕೊಚ್ಚಿಯಲ್ಲಿ ಮಳೆಗಾಲದ ನಿಂತ ನೀರಿನಲ್ಲಿ ಹೋಗಿಬಂದ ಕಾರಾದರೆ ಇದನ್ನು ಬಿಡಲೇಬಾರದು. ಹಬ್ಬಿನ ಅರ್ಧಕ್ಕೆ ನೀರು ಬಂದಿತ್ತು ಎಂದಾದರೆ ಸೀಲ್ ದಾಟಿ ಒಳಗೆ ಹೋಗಿರಲೂಬಹುದು.

ಇಲ್ಲಿಯವರೆಗೆ ಇಬ್ಬರ ನಡುವೆ ಇದ್ದದ್ದು ವಿಧಾನದ ತಕರಾರು. ಬೇರಿಂಗ್ ಸುಮ್ಮನಿದೆ, ಎಂಜಿನ್ ಅಲ್ಲ, ಸದ್ದು ಟೈರಿನದೇ ಎಂದು ಖಾತ್ರಿಯಾದಲ್ಲಿಂದ ನಿಜವಾದ ಭಿನ್ನಾಭಿಪ್ರಾಯ ಶುರು. ಟೈರಿನದು ಎಂದು ತಿಳಿದೊಡನೆ ಕಿರಿಯನ ಪಕ್ಷದವರು ಗೆದ್ದೆವು ಅಂದುಕೊಳ್ಳುತ್ತಾರೆ. ಆದರೆ ಇನ್ನೂ ಸಾಕಷ್ಟು ರಬ್ಬರ್ ಉಳಿದಿರುವ ಟೈರು ಹುಟ್ಟುವಾಗಲೇ ಮೊರೆಯುತ್ತಿರಲಿಲ್ಲ. ಅದು ಮೊರೆಯಲು ಕಲಿತದ್ದು ಆ ಕಾರಿನ ಕೆಳಗೆ ಓಡುತ್ತ. ಹೇಗೆ ಕಲಿತಿತು ಎಂಬುದು ಅದರ ಮೈಮೇಲೆಯೇ ಇರುತ್ತದೆ ಎಂಬುದು ಹಿರಿಯರ ವಾದದ ತಿರುಳು, ಮತ್ತು ಈ ವಿಷಯದಲ್ಲಿ ನನ್ನ ಒಲವೂ ಆ ಕಡೆಗೆ.

ಹಿರಿಯರು: ಟೈರಿನ ಮೈ ಮೇಲೆ ಅಂಗೈ ಆಡಿಸಿ ನೋಡಿದ್ದೀಯಾ? ಒಳಗಿನ ಅಂಚು ಕಾರು ನೆಲದ ಮೇಲಿದ್ದಾಗ ಕಾಣುವುದೇ ಇಲ್ಲ, ಲಿಫ್ಟಿಗೆ ಏರಿಸಬೇಕು. ಮೊದಲು ಕಣ್ಣಲ್ಲಿ ನೋಡು, ತಂತಿ ಹೊರಗೆ ಬಂದಿದ್ದರೆ ಕೈ ಕೊಯ್ದೀತು. ಆಮೇಲೆ ಟೈರು ಸುತ್ತುವ ದಿಕ್ಕಿನಲ್ಲಿ ಒಮ್ಮೆ, ಎದುರು ದಿಕ್ಕಿನಲ್ಲಿ ಒಮ್ಮೆ ಅಂಗೈ ಆಡಿಸು. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಪ್ರತಿ ರಬ್ಬರ್ ತುಂಡಿನ ಒಂದು ಅಂಚು ಹೆಚ್ಚು ಸವೆದಿದೆ ಎಂದರ್ಥ. ಅಡ್ಡಕ್ಕೆ ಆಡಿಸಿದಾಗ ಹಾಗೆ ಚುಚ್ಚಿದರೆ ಟೋ, ಅಂದರೆ ಚಕ್ರ ಮುಂದಕ್ಕೆ ನೋಡುವ ಕೋನ, ತಪ್ಪಿದೆ. ಹಾಗಲ್ಲದೆ ಗೇಣಿಗೊಂದು ತಗ್ಗು ಬಿದ್ದಿದ್ದರೆ ಚಕ್ರ ನೆಲ ಬಿಟ್ಟು ಕುಪ್ಪಳಿಸಿದೆ. ಕುಪ್ಪಳಿಸದ ಹಾಗೆ ಹಿಡಿಯಬೇಕಾದ ಶಾಕ್ ಅಬ್ಸಾರ್ಬರ್ ಹಿಡಿಯಲಿಲ್ಲ. ಟೋ ಅಂದರೆ ಸಣ್ಣ ವಿಷಯ ಅಂದುಕೊಳ್ಳಬೇಡ. ಒಂದು ಚಕ್ರ ಕಾಲು ಡಿಗ್ರಿ ಓರೆಯಾಗಿದ್ದರೆ ಕಿಲೋಮೀಟರಿಗೆ ನಾಲ್ಕು ಮೀಟರಿಗಿಂತ ಹೆಚ್ಚು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಇಲ್ಲಿಂದ ಕೊಚ್ಚಿಗೆ ಸುಮಾರು 200 ಕಿಲೋಮೀಟರ್. ಒಂದು ಸಲ ಹೋಗುವುದರೊಳಗೆ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಅಡ್ಡ ಉಜ್ಜಾಟ! ಆ ಶಾಕ್, ಆ ಟೋ, ಟೋ ತಪ್ಪಿಸಿದ ಸಡಿಲ ಬುಷ್ ಹಾಗೆಯೇ ಬಿಟ್ಟು ಹೊಸ ಟೈರು ಹಾಕಿದರೆ ಮುಂದಿನ ವರ್ಷ ಅದೇ ಸಂಗೀತ.

ಕಿರಿಯ: ಅಡ್ಡ ಗರಗಸಕ್ಕೆ ಟೋ ಕಾರಣ, ಒಪ್ಪಿದೆ. ಆದರೆ ಉದ್ದ ಗರಗಸಕ್ಕೆ ಸಸ್ಪೆನ್ಶನ್ ಸವೆದಿರಲೇಬೇಕು ಅಂತಿಲ್ಲ ಮಾಷ್ಟ್ರೇ. ಈ ಕಾರಿನ ಹಿಂದುಗಡೆ ಮಲ್ಟಿ ಲಿಂಕ್. ತಿರುವಿನಲ್ಲಿ ಹಿಡಿತ ಸಿಗಲಿ ಅಂತ ಹಿಂದಿನ ಚಕ್ರಗಳ ತಲೆಯನ್ನು ಕಂಪನಿಯೇ ಒಳಕ್ಕೆ ವಾಲಿಸಿ ಕೊಟ್ಟಿರುತ್ತದೆ. ಎಳೆಯುವುದು ಮುಂದಿನ ಚಕ್ರ, ಹಿಂದಿನವು ಸುಮ್ಮನೆ ಉರುಳುವವು, ಮೇಲೆ ಭಾರವೂ ಕಡಿಮೆ. ಅಲೈನ್‌ಮೆಂಟ್ ಹಾಳೆಯಲ್ಲಿ ಎಲ್ಲ ಹಸಿರು ಇದ್ದರೂ ಒಳ ಅಂಚು ಗರಗಸವಾಗಬಹುದು. ಅದಕ್ಕೆ ಮದ್ದು ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರು ಹಿಂದೆ ಮುಂದೆ ಮಾಡುವುದು. ಮಾಡದೇ ಬಿಟ್ಟದ್ದಕ್ಕೆ ಸಸ್ಪೆನ್ಶನ್ ಯಾಕೆ ಶಿಕ್ಷೆ ಅನುಭವಿಸಬೇಕು? ಗರಗಸ ಒಮ್ಮೆ ಆಯಿತೆಂದರೆ ಅದೇ ಟೈರಿನಲ್ಲಿ ಅದು ಸುಲಭಕ್ಕೆ ವಾಸಿಯಾಗುವುದೂ ಇಲ್ಲ. ನೀವು ಹೇಳಿದ ಹಾಗೆ ಶಾಕ್, ಬುಷ್ ಎಲ್ಲ ಹೊಸದು ಹಾಕಿಸಿ ಹೊರಗೆ ಬಂದರೂ ಗುಂಯ್ ಅಲ್ಲೇ ಇರುತ್ತದೆ. ಆಗ ಮಾಲೀಕ ಗ್ಯಾರೇಜಿನವನ ಮೇಲೆ ಹರಿಹಾಯುತ್ತಾನೆ.

ಹಿರಿಯರು: ಉದ್ದ ಗರಗಸದ ಮಟ್ಟಿಗೆ ನಿನ್ನ ಮಾತು ಒಪ್ಪಿದೆ. ಅದೊಂದನ್ನೇ ನೋಡಿ ಸಸ್ಪೆನ್ಶನ್ ಬಿಚ್ಚುವುದು ಅನ್ಯಾಯ. ಸದ್ದು ಹಿಂದಿನದೋ ಅಂತ ತಿಳಿಯಲಿಕ್ಕೂ ಅದೇ ಒಳ್ಳೆಯ ದಾರಿ, ಹಿಂದಿನ ಟೈರು ಮುಂದೆ ಹಾಕು. ದಿಕ್ಕಿನ ಬಾಣ ಇರುವ ಟೈರಾದರೆ ಅದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ. ಮೊರೆತ ಸೀಟಿನ ಅಡಿ ಬಿಟ್ಟು ಡ್ಯಾಶ್‌ಬೋರ್ಡಿನ ಮುಂದಕ್ಕೆ ಬಂದರೆ ಸಂಶಯವೇ ಬೇಡ. ಆದರೆ ತಗ್ಗು ತಗ್ಗಾಗಿ ಸವೆದದ್ದನ್ನು ಟೈರಿನ ಸ್ವಭಾವ ಅಂತ ಬಿಡಲಿಕ್ಕಾಗುವುದಿಲ್ಲ. ನಿನ್ನ ಟೈರಿನ ಹೊರ ವ್ಯಾಸ ಸುಮಾರು 637 ಮಿಲಿಮೀಟರ್, ಸುತ್ತಳತೆ ಎರಡು ಮೀಟರ್. ಎಂಬತ್ತರ ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಸುತ್ತು. ಚಕ್ರ, ಹಬ್ಬು, ಬ್ರೇಕು ಸೇರಿದ ಆ ಗಂಟು ಟೈರಿನ ಗಾಳಿಯ ಮೇಲೆ ತನ್ನಷ್ಟಕ್ಕೆ ಕುಣಿಯುವ ಲಯ ಸೆಕೆಂಡಿಗೆ ಹತ್ತರಿಂದ ಹದಿನೈದು. ಎರಡೂ ಒಂದೇ ಕಡೆ ಬಂದು ಕೂಡುತ್ತವೆ, ನೋಡು. ಬ್ಯಾಲೆನ್ಸಿಂಗ್ ಸ್ವಲ್ಪ ತಪ್ಪಿದ್ದರೂ ಪ್ರತಿ ಸುತ್ತಿಗೂ ಅದು ಆ ಕುಣಿತಕ್ಕೆ ತಳ್ಳು ಕೊಡುತ್ತದೆ. ಒಳ್ಳೆಯ ಶಾಕ್ ಇದ್ದರೆ ಅಲ್ಲೇ ಅಡಗಿಸುತ್ತದೆ. ಸತ್ತ ಶಾಕ್ ಬಿಟ್ಟುಬಿಡುತ್ತದೆ, ಟೈರು ನೆಲವನ್ನು ಒಮ್ಮೆ ಒತ್ತಿ ಒಮ್ಮೆ ಸಡಿಲಿಸಿ ತನ್ನನ್ನೇ ಕೆತ್ತಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ನೀವೆಲ್ಲ ಹೆಚ್ಚು ಹೊತ್ತು ಓಡಿಸುವ ವೇಗವೇ ಅದು.

ಕಿರಿಯ: ಹಾಗಾದರೆ ನನ್ನ ಫೋನು ನಿಮ್ಮ ಪಕ್ಷಕ್ಕೇ ಸಾಕ್ಷಿ ಹೇಳಬಹುದು. ಅಲುಗಾಟ ಅಳೆಯುವ ಸೆನ್ಸರ್ ಅದರೊಳಗೆ ಇದೆ. ಸೀಟಿನ ಹಳಿಗೆ ಬಿಗಿದು ಎಂಬತ್ತರಲ್ಲಿ ಹೋದಾಗ ಹನ್ನೊಂದರ ಹತ್ತಿರ ಗೆರೆ ಎದ್ದರೆ, ನೂರರಲ್ಲಿ ಅದು ಹದಿನಾಲ್ಕಕ್ಕೆ ಸರಿದರೆ, ಚಕ್ರದ ಸುತ್ತಿಗೆ ಕಟ್ಟುಬಿದ್ದ ತೊಂದರೆ ಅದು. ಕಿವಿಗೆ ಈ ಲೆಕ್ಕ ಬರುವುದಿಲ್ಲ. ಆದರೆ ಶಾಕ್ ಸತ್ತಿದೆ ಅಂತ ತೋರಿಸುವುದು ಹೇಗೆ? ಬಾನೆಟ್ ಮೂಲೆ ಒತ್ತಿಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಹಳೆಯ ವಿದ್ಯೆ ಈ ಕಾರಿನಲ್ಲಿ ನಡೆಯುವುದಿಲ್ಲ. ಸ್ಪ್ರಿಂಗೇ ಅಷ್ಟು ಬಿಗಿ, ಇಬ್ಬರು ಕೂತು ಒತ್ತಿದರೂ ಅಲುಗುವುದಿಲ್ಲ.

ಹಿರಿಯರು: ನಡೆಯುವುದಿಲ್ಲ, ನಿಜ. ಮೆತ್ತಗಿನ ಕಾರಿನಲ್ಲಿ ಶಾಕ್ ಸತ್ತರೆ ಕಾರು ದೋಣಿಯ ಹಾಗೆ ತೇಲುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಬಿಗಿ ಕಾರಿನಲ್ಲಿ ಅದು ಒರಟುತನವಾಗಿ ಕಾಣುತ್ತದೆ, ತೇಲಾಟವಾಗಿ ಅಲ್ಲ. ಆದ್ದರಿಂದಲೇ ಮಾಲೀಕ ಟೈರು ಗಟ್ಟಿಯಾಯಿತು ಅಂತಾನೆ. ಎಣ್ಣೆ ಸೋರಿದೆಯಾ ನೋಡಬೇಕು. ತೆಳ್ಳಗೆ ಮಂಜಿನಂತೆ ಎಣ್ಣೆ ಹತ್ತಿದ್ದರೆ ಪರವಾಗಿಲ್ಲ, ಇಳಿದು ಧೂಳು ಮೆತ್ತಿ ಕೆಸರಾಗಿದ್ದರೆ ಮುಗಿದ ಕಥೆ. ಮಳೆಗಾಲದಲ್ಲಿ ಒದ್ದೆ ಕಂಡರೆ ಒರೆಸಿ, ಓಡಿಸಿ, ಮತ್ತೆ ನೋಡಬೇಕು. ಇನ್ನು ಯಂತ್ರವೂ ಉಂಟು. ಯೂಸಾಮಾ ಪದ್ಧತಿಯಲ್ಲಿ ಚಕ್ರವನ್ನು ಒಂದು ಫಲಕದ ಮೇಲೆ ನಿಲ್ಲಿಸಿ ಸೆಕೆಂಡಿಗೆ 25 ಸಲ ಅಲುಗಿಸಿ, ಬಿಟ್ಟ ಮೇಲೆ ನೆಲಕ್ಕೆ ಒತ್ತಿಕೊಂಡ ಬಲ ಅತಿ ಕಡಿಮೆಯೆಂದರೆ ಎಷ್ಟಕ್ಕೆ ಇಳಿಯಿತು ಅಂತ ಶೇಕಡಾದಲ್ಲಿ ಕೊಡುತ್ತದೆ. 60ರ ಮೇಲೆ ಚೆನ್ನ, 40ರ ಕೆಳಗೆ ದುರ್ಬಲ, 20ರ ಕೆಳಗೆ ಅಪಾಯ.

ಕಿರಿಯ: ಆ ಅಂಕಿಯ ಒಳಗೂ ಟೈರು ಇದೆಯಲ್ಲ? ಟೈರಿನ ಬಿಗಿ, ಗಾಳಿಯ ಒತ್ತಡ ಬದಲಾದರೆ ಶೇಕಡಾ ಬದಲಾಗುತ್ತದೆ. ಗೋಡೆ ಗಿಡ್ಡವಾದ ಟೈರಿಗೆ ಒಳ್ಳೆಯ ಶಾಕ್ ಇದ್ದರೂ ಕಡಿಮೆ ಬರಬಹುದು. 

ಹಿರಿಯರು: ಬರಬಹುದು. ಅದಕ್ಕೇ ಒಂದೇ ಆಕ್ಸಲಿನ ಎಡಬಲ ಹೋಲಿಸಬೇಕು. ಎರಡೂ ಕಡೆ ಅದೇ ಟೈರು, ಅದೇ ಗಾಳಿ. ಆದರೂ ಒಂದು 55, ಇನ್ನೊಂದು 35 ಬಂದರೆ ಟೈರಿನ ಮೇಲೆ ಹಾಕಲಿಕ್ಕಾಗುವುದಿಲ್ಲ.

ಎಡಬಲ ಎರಡೂ ಸಮನಾಗಿ ಸವೆದಿದ್ದರೆ ಏನು ಎಂದು ಕಿರಿಯ ಕೇಳಬಹುದಿತ್ತು, ಮತ್ತು ಆ ಪ್ರಶ್ನೆಗೆ ಹಿರಿಯರ ಬಳಿ ಚುರುಕು ಉತ್ತರವಿರಲಿಲ್ಲ. ಸವೆತ ಹೆಚ್ಚಾಗಿ ಬರುವುದೇ ಹಾಗೆ, ಎರಡೂ ಕಡೆ ಒಟ್ಟಿಗೆ, ದಿನಕ್ಕಿಷ್ಟು ಎಂದು. ಗಿಡ್ಡ ಗೋಡೆಯ ಟೈರು ಈ ಸವೆತವನ್ನು ಬೇಗ ಮಾಡಿಸುತ್ತದೆ. 205/55 ಆರ್16 ಟೈರಿನ ಗೋಡೆಯ ಎತ್ತರ ಸುಮಾರು 113 ಮಿಲಿಮೀಟರ್. 225/40 ಆರ್18ರದು 90. ಹೊರ ಅಳತೆ ಹೆಚ್ಚುಕಡಿಮೆ ಒಂದೇ, ಹಳ್ಳದ ಏಟು ನುಂಗುವ ಗಾಳಿಯ ದಿಂಬು ಮಾತ್ರ ತೆಳು. ಟೈರು ನುಂಗದ ಏಟು ಬುಷ್‌ಗಳಿಗೆ, ಸ್ಟ್ರಟ್ಟಿನ ಮೇಲಿನ ಮೌಂಟಿಗೆ, ಶಾಕಿನ ಕವಾಟಗಳಿಗೆ ಹೋಗುತ್ತದೆ. ಅವು ಸಡಿಲಾದಾಗ ಚಕ್ರದ ಕೋನ ಬ್ರೇಕು ಒತ್ತಿದಾಗ ಒಂದು, ಬಿಟ್ಟಾಗ ಇನ್ನೊಂದು ಆಗುತ್ತದೆ. ನಿಂತ ಕಾರಿನಲ್ಲಿ ಅಳೆದ ಅಲೈನ್‌ಮೆಂಟ್ ಹಾಳೆ ಓಡುವ ಕಾರಿನ ಕಥೆ ಹೇಳುವುದಿಲ್ಲ. ಹೀಗೆ ಟೈರು ಸಸ್ಪೆನ್ಶನ್ನನ್ನು ಸವೆಸುತ್ತದೆ, ಸಸ್ಪೆನ್ಶನ್ ಟೈರನ್ನು ಸವೆಸುತ್ತದೆ. ಎರಡನ್ನೂ ಬೇರೆ ಬೇರೆ ಅಂಗಡಿಯ ವ್ಯವಹಾರವೆಂದು ನೋಡುವುದರಿಂದಲೇ ಈ ಕಾರುಗಳ ಮಾಲೀಕರು ಎರಡೂ ಕಡೆ ದುಡ್ಡು ಸುರಿದು ಸದ್ದನ್ನು ಉಳಿಸಿಕೊಳ್ಳುತ್ತಾರೆ.

ಕಿರಿಯ: ಹಾಗಿದ್ದರೆ ಮೊದಲೇ ಕಡಿಮೆ ಸದ್ದಿನ ಟೈರು ಆರಿಸಿದರಾಯಿತು. ಯುರೋಪಿನ ಲೇಬಲ್ಲಿನಲ್ಲಿ ಡೆಸಿಬೆಲ್ ಬರೆದಿರುತ್ತಾರೆ. ನಮ್ಮಲ್ಲೂ ಎಐಎಸ್-142 ಎಂಬ ಮಾನದಂಡದಲ್ಲಿ ಉರುಳುವ ಸದ್ದಿಗೆ ಮಿತಿ ಬಂದಿದೆ.

ಹಿರಿಯರು: ಆ ಡೆಸಿಬೆಲ್ ನಿನ್ನ ಕಿವಿಯದಲ್ಲ, ರಸ್ತೆ ಪಕ್ಕದಲ್ಲಿ ನಿಂತವನದು. ಎಂಜಿನ್ ನಿಲ್ಲಿಸಿ ಕಾರನ್ನು ಎಂಬತ್ತರ ವೇಗದಲ್ಲಿ ಉರುಳಲು ಬಿಟ್ಟು, ಏಳೂವರೆ ಮೀಟರ್ ದೂರದ ಮೈಕಿನಲ್ಲಿ ಅಳೆಯುತ್ತಾರೆ. ಅದೂ ಹೊಸ ಟೈರು. ನಿನ್ನನ್ನು ಕಾಡುವುದು ಉಕ್ಕಿನ ಮೂಲಕ ಒಳಗೆ ಬರುವ ಸದ್ದು, ಹಳತಾದ ಟೈರಿನದು. ವಾರವಿಡೀ ಪಾರ್ಕಿಂಗಿನಲ್ಲಿ ನಿಂತು ಶನಿವಾರ ಮಾತ್ರ ಓಡುವ ಕಾರಿನ ಟೈರು ಸವೆಯುವ ಮೊದಲೇ ಗಟ್ಟಿಯಾಗುತ್ತದೆ. ಗೋಡೆಯ ಮೇಲಿನ ನಾಲ್ಕು ಅಂಕಿ ಓದು. 2319 ಅಂತಿದ್ದರೆ 2019ರ 23ನೇ ವಾರ ಹುಟ್ಟಿದ್ದು.

ಕಿರಿಯ: ಅದು ನನ್ನ ಪಕ್ಷದ ಮಾತಾಯಿತು! ಆರೇಳು ವರ್ಷದ ಟೈರಿಗೆ ಶಾಕ್ ಹೊಸದು ಹಾಕಿದರೂ ಮಳೆಯಲ್ಲಿ ಹಿಡಿತ ಬರುವುದಿಲ್ಲ. ಎಂ.ಸಿ. ರಸ್ತೆಯ ತಿರುವುಗಳಲ್ಲಿ, ಕಿಳಿಮಾನೂರು ಕೊಟ್ಟಾರಕ್ಕರ ನಡುವೆ, ಒದ್ದೆ ಡಾಂಬರಿನಲ್ಲಿ ಬದುಕಿಸುವುದು ರಬ್ಬರು ಮತ್ತು ನೀರು ಹಾಯುವ ಗೀರು. ಸವೆತದ ಗುರುತು 1.6 ಮಿಲಿಮೀಟರಿಗೆ ಬರುವವರೆಗೆ ಕಾಯುವವರೂ ಇದ್ದಾರೆ. ಸಸ್ಪೆನ್ಶನ್ ಮೊದಲು ಅನ್ನುವ ನಿಮ್ಮ ಮಾತು ಕೇಳಿ ಒಬ್ಬ ಮೇ ತಿಂಗಳಲ್ಲಿ ದುಡ್ಡೆಲ್ಲ ಶಾಕಿಗೆ ಹಾಕಿ ಜೂನಿನಲ್ಲಿ ಬೋಳು ಟೈರಿನಲ್ಲಿ ಹೊರಟರೆ?

ಹಿರಿಯರು: ಹಾಗೆ ಹೋಗಬಾರದು. ಟೈರು ಮುದಿಯಾಗಿದ್ದರೆ, ಗೀರು ಮುಗಿಯುತ್ತ ಬಂದಿದ್ದರೆ, ಟೈರು ಮೊದಲು. ಅದು ಸದ್ದಿನ ಪ್ರಶ್ನೆಯೇ ಅಲ್ಲ. ಅರ್ಧಕ್ಕಿಂತ ಹೆಚ್ಚು ಆಯುಸ್ಸು ಇದ್ದೂ ಮೊರೆಯುವ ಟೈರಿನ ಬಗ್ಗೆ ನಾನು ಹೇಳುವುದು. ಅದನ್ನು ಎಸೆಯಬೇಡ. ಮುಂದಿನ ಕಟಕಟವನ್ನು ಅದೇ ಟೈರಿನಲ್ಲಿ ಹುಡುಕಬಹುದು. ಟೈಲಿನ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಸಣ್ಣಗೆ ಕಟಕಟ ಅಂದರೆ ಮೊದಲು ಲಿಂಕ್ ರಾಡ್ ನೋಡಬೇಕು. ಬ್ರೇಕು ಒತ್ತಿದಾಗ, ಬಿಟ್ಟಾಗ ಧಡ್ ಅಂದರೆ ಲೋವರ್ ಆರ್ಮಿನ ಬುಷ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಅಂತ ಜಾರಿದರೆ ಮೇಲಿನ ಮೌಂಟ್. ಕೊಚ್ಚಿಯ ವೈಟಿಲ, ಕುಂಡನ್ನೂರು ಫ್ಲೈಓವರಿನ ಜೋಡಣೆಗಳ ಮೇಲೆ ಹಾಯುವಾಗ ಒಂದು ಏಟಿಗೆ ಒಂದೇ ಸದ್ದು ಬರಬೇಕು. ಏಟಿನ ಹಿಂದೆ ಇನ್ನೊಂದು ಸಣ್ಣ ಸದ್ದು ಬಾಲವಾಗಿ ಬಂದರೆ ಎಲ್ಲೋ ಸಡಿಲ ಉಂಟು. ಇದಕ್ಕೆಲ್ಲ ಹೊಸ ಟೈರು ಬೇಡ.

ಕಿರಿಯ: ಬೇಡ, ಆದರೆ ಒಂದೊಂದನ್ನೇ ಹುಡುಕಿ ಬದಲಿಸುತ್ತ ಹೋದರೆ ಪ್ರತಿ ಸಲವೂ ಬಿಚ್ಚುವ ಕೂಲಿ, ಪ್ರತಿ ಸಲವೂ ಅಲೈನ್‌ಮೆಂಟ್. ಒಂದೇ ವಯಸ್ಸಿನ ಬುಷ್‌ಗಳಲ್ಲಿ ಒಂದು ಹೋಗಿದ್ದರೆ ಉಳಿದವೂ ಹತ್ತಿರದಲ್ಲೇ ಹೋಗುತ್ತವೆ. ಒಟ್ಟಿಗೇ ಎಲ್ಲ ಹೊಸದು ಹಾಕಿಸುವುದು ಮೇಲಲ್ವಾ?

ಹಿರಿಯರು: ಒಂದೇ ಆಕ್ಸಲಿನದು ಒಟ್ಟಿಗೆ, ಅಷ್ಟು ಸರಿ. ಇಡೀ ಕಾರಿನದು ಒಟ್ಟಿಗೆ ಬಿಚ್ಚಿದರೆ ಯಾವುದು ತಪ್ಪಿತ್ತು ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಇನ್ನೊಂದು, ಕೆಲಸ ಹೇಗೆ ಮಾಡುತ್ತಾರೆ ಅಂತ ನಿಂತು ನೋಡು. ರಬ್ಬರ್ ಬುಷ್‌ನ ಬೋಲ್ಟನ್ನು ಕಾರು ಲಿಫ್ಟಿನ ಮೇಲೆ, ಚಕ್ರ ಜೋತಾಡುವಾಗ ಕೊನೆಯ ಬಿಗಿ ಕೊಡಬಾರದು. ಚಕ್ರ ತನ್ನ ಸಹಜ ಎತ್ತರಕ್ಕೆ ಬಂದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಕಾರು ಕೆಳಗಿಳಿದ ಕೂಡಲೇ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ಬಿಡಿಭಾಗ ಕಳಪೆ ಅಂತ ಬೈಯುತ್ತಾರೆ.

ಕಿರಿಯ: ಸರಿ, ಲಿಂಕ್ ರಾಡು, ಬುಷ್ಷು, ಅಲೈನ್‌ಮೆಂಟ್ ಮೊದಲು. ಅಷ್ಟಕ್ಕೆ ಒಪ್ಪಿದೆ. ಹಿಂದಿನ ಶಾಕಿಗೆ ಒಪ್ಪುವುದಿಲ್ಲ. ಎರಡೂ ಕಡೆ 45 ಬಂದು, ಎಣ್ಣೆ ಸೋರದೆ, ಟೈರು ಮಾತ್ರ ತಗ್ಗು ಬಿದ್ದಿದ್ದರೆ ನಾನು ಬ್ಯಾಲೆನ್ಸಿಂಗ್ ಮಾಡಿಸಿ ಎರಡು ಹೊಸ ಟೈರು ಹಿಂದೆ ಹಾಕುತ್ತೇನೆ. ಮಳೆಯಲ್ಲಿ ಹಿಂಭಾಗ ಜಾರದಿರಲು ಹೊಸ ಜೋಡಿ ಹಿಂದೆಯೇ ಇರಬೇಕು ತಾನೆ? ಆ ಟೈರುಗಳು ಮತ್ತೆ ತಗ್ಗು ಬಿದ್ದರೆ ಆಗ ಶಾಕ್.

ಹಿರಿಯರು: ಆಗ ನೀನು ಎರಡು ಟೈರಿನ ಬೆಲೆ ಕೊಟ್ಟು ಶಾಕ್ ಸತ್ತದ್ದನ್ನು ತಿಳಿದುಕೊಂಡ ಹಾಗಾಯಿತು. 

ಕಿರಿಯ: ನೀವು ಎರಡು ಶಾಕಿನ ಬೆಲೆ ಕೊಟ್ಟು ಅದು ಬರೀ ಬ್ಯಾಲೆನ್ಸಿಂಗ್ ಆಗಿತ್ತು ಅಂತ ತಿಳಿದುಕೊಳ್ಳಬಹುದು. ಸಾವಿರ ಕಿಲೋಮೀಟರಿಗೊಮ್ಮೆ ಅಂಗೈ ಆಡಿಸಿದರೆ ತಗ್ಗು ಶುರುವಾಗುವಾಗಲೇ ಸಿಗುತ್ತದೆ, ಟೈರು ಪೂರ್ತಿ ಹೋಗುವವರೆಗೆ ಯಾಕೆ ಕಾಯಬೇಕು?

ಹಿರಿಯರು: ಆಡಿಸುವವನಿಗೆ ನಿನ್ನ ದಾರಿ ಆದೀತು. ಒಳಗಿನ ಅಂಚಿಗೆ ಲಿಫ್ಟ್ ಬೇಕು, ನೆನಪಿರಲಿ. ವರ್ಷಕ್ಕೊಮ್ಮೆ ಸರ್ವಿಸಿಗೆ ಬಿಟ್ಟು ಬಿಲ್ಲು ಮಾತ್ರ ನೋಡುವವನು ನನ್ನ ಹತ್ತಿರ ಬಂದರೆ ನಾನು ಶಾಕ್ ಬದಲಿಸು ಅಂತಲೇ ಹೇಳುವುದು.